ಕಚೇರಿಗೆ ಹೋದ ಟಿ.ಸಿ.

ನಲ್ಲಿ ನೀರು ಬೆಳಗಿನ ನಾಲ್ಕೂಕಾಲಿಗೆ, ಅದೂ ದಿನ ಬಿಟ್ಟು ದಿನ. ಹಾಗಾಗಿ ಮೊದಲು ನೀರು. ಹನ್ನೆರಡು ಕೊಡ ಅಡುಗೆಮನೆಗೆ, ಮಿಕ್ಕದ್ದು ಪೈಪು ಹಚ್ಚಿ ಹಿತ್ತಲ ತೊಟ್ಟಿಗೆ. ತೊಟ್ಟಿ ತುಂಬುವುದರೊಳಗೆ ಬಾಗಿಲ ಕಸ ಹೊಡೆದು, ನೀರು ಚಿಮುಕಿಸಿ, ರಂಗೋಲಿ. ಬಚ್ಚಲ ಒಲೆಗೆ ಉರಿ. ಅತ್ತೆಯ ಪೂಜೆಗೆ ತಂಬಿಗೆ ಬೆಳಗುವುದು. ತಟ್ಟೆಯಲ್ಲಿ ವಿಭೂತಿ, ಪತ್ರಿ, ಹೂ ಇದೇ ಕ್ರಮದಲ್ಲಿ ಇರಬೇಕು, ಯಾಕೆಂದರೆ ಅತ್ತೆ ಕಣ್ಣು ಮುಚ್ಚಿಕೊಂಡೇ ಕೈ ಚಾಚುತ್ತಾರೆ. ಹಾಲು ಕಾಸುವುದು. ಹೆಸರುಕಾಳು ಬೇಯಲಿಡುವುದು. ಹದಿನಾಲ್ಕು ರೊಟ್ಟಿ ಬಡಿಯುವುದು. ಗಂಡನ ಅಂಗಿಗೆ ಇಸ್ತ್ರಿ, ಆರಕ್ಕೆ ಕರೆಂಟು ಹೋಗುವುದರೊಳಗೆ. ಆ ಗುರುವಾರ ಮನೆಯಲ್ಲಿ ಕಾರ್ಯ, ಇದೆಲ್ಲದರ ಮೇಲೆ ನಾಲ್ಕು ಸೇರು ಕಡಲೆಬೇಳೆ ಬೇಯಿಸಿ ಬಸಿಯಬೇಕಿತ್ತು, ಬೆಲ್ಲ ಹಾಕಿ ಹೂರಣ ರುಬ್ಬಬೇಕಿತ್ತು, ಕಣಕ ನಾದಿ ಎಣ್ಣೆಯಲ್ಲಿ ನೆನೆಹಾಕಬೇಕಿತ್ತು.

ಇಷ್ಟೂ ಮುಗಿದಾಗ ಕೊಟ್ಟೂರಿನ ಆ ಓಣಿಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ದಾಕ್ಷಾಯಣಮ್ಮ ಎದ್ದು ಬಂದು, ಸೊಂಟದ ಮೇಲೆ ಕೈ ಇಟ್ಟು ಹೂರಣದ ಪಾತ್ರೆ ನೋಡಿದರು.

"ಇಷ್ಟ ಆಗೇತೇನು? ನಾ ಎಲ್ಲಾ ಮುಗಿದಿರತೈತಿ ಅಂದ್ಕೊಂಡಿದ್ದೆ."

ಸೊಸೆ ವಾಣಿಶ್ರೀ ಏನೂ ಅನ್ನಲಿಲ್ಲ. ಮದುವೆಯಾಗಿ ಐದು ವರ್ಷವಾಗಿತ್ತು. ಏನೂ ಅನ್ನದೆ ಇರುವುದನ್ನೂ ಅವಳು ಬೆಳಗಿನ ಕೆಲಸಗಳ ಪಟ್ಟಿಗೆ ಸೇರಿಸಿಕೊಂಡಿದ್ದಳು.

ಅವಳು ಆಗ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯವಳು, ಮಾತೂ ಆ ಕಡೆಯದು. ಅಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಒಂದು ವರ್ಷ ತರಬೇತಿ ಕೇಂದ್ರದಲ್ಲಿ ಪಾಠ ಹೇಳಿದ್ದಳು. ಗಂಡ ಬಸವೇಶ್ ಬೀಜ-ಗೊಬ್ಬರದ ಅಂಗಡಿಯವನು, ಕೆಟ್ಟವನಲ್ಲ. ಹೆಂಡತಿ ಕಲಿತಿದ್ದಾಳೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದ, ಆ ನಾಲ್ಕು ಜನ ಹೋದ ಮೇಲೆ ಲೋಟ ಎತ್ತಿಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಊರಿನ ಖಾಸಗಿ ಡಿಗ್ರಿ ಕಾಲೇಜಿನವರು ಕಂಪ್ಯೂಟರ್ ವಿಷಯ ಶುರುಮಾಡಿ, ಪ್ರಯೋಗಾಲಯ ನೋಡಿಕೊಳ್ಳಲು ಯಾರಾದರೂ ಬೇಕು ಎಂದಾಗ ಬಸವೇಶನೇ ಅವಳ ಹೆಸರು ಹೇಳಿದ್ದ. ಅತ್ತೆ ಒಂದು ಷರತ್ತಿನ ಮೇಲೆ ಒಪ್ಪಿದ್ದರು: ಮನೆಯ ಒಂದು ಕೆಲಸವೂ ಹಿಂದೆ ಬೀಳಬಾರದು. ಬಿದ್ದ ದಿನ ಕಾಲೇಜು ಬಂದ್.

ಅಂದಿನಿಂದ ಒಂಬತ್ತೂವರೆಯಿಂದ ನಾಲ್ಕೂವರೆಯವರೆಗೆ ಅವಳು ಇನ್ನೊಬ್ಬಳಾಗಿರುತ್ತಿದ್ದಳು. ಆ ಏಳು ಗಂಟೆಗಳಲ್ಲಿ ಯಾರೂ ಅವಳನ್ನು "ಏ ಇವಳ" ಎಂದು ಕರೆಯುತ್ತಿರಲಿಲ್ಲ. ಮೇಡಂ ಅನ್ನುತ್ತಿದ್ದರು. ಅವಳ ಕೆಲಸ ತಾತ್ಕಾಲಿಕ, ವರ್ಷಕ್ಕೊಮ್ಮೆ ಹೊಸದಾಗಿ ಆದೇಶ ಬರಬೇಕು. "ಈ ಸಲ ಪ್ರಾಕ್ಟಿಕಲ್ ಪರೀಕ್ಷೆ ಸುಸೂತ್ರ ನಡೆಸಿಕೊಡವಾ. ಜೂನ್‌ನಾಗ ನಿನ್ನ ಮುಂದುವರಿಸೋದು ನನಗ ಬಿಡು" ಎಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು.

ಆ ಪ್ರಾಕ್ಟಿಕಲ್ ಪರೀಕ್ಷೆ 2002ರ ಏಪ್ರಿಲ್‌ನ ಒಂದು ಗುರುವಾರಕ್ಕೆ ಗೊತ್ತಾಯಿತು. ಏಳು ತಿಂಗಳ ಬಸುರಿ ನಾದಿನಿಗೆ ಸೀಮಂತದ ಕುಬುಸ ಮಾಡಲು ದಾಕ್ಷಾಯಣಮ್ಮ ಹಿಡಿದ ದಿನವೂ ಅದೇ ಗುರುವಾರ. ಪರೀಕ್ಷೆಯ ದಿನ ಬದಲಿಸಲು ಬರುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದರು. ಕುಬುಸದ ದಿನ ಬದಲಿಸಲು ಬರುವುದಿಲ್ಲ ಎಂದು ಅತ್ತೆ ಹೇಳಿದರು. ಇಬ್ಬರ ನಡುವೆ ಬದಲಾಗಬಲ್ಲವಳು ಒಬ್ಬಳೇ ಇದ್ದಳು. ಬೆಳಿಗ್ಗೆ ಎಂಟೂವರೆಗೆ ಹೋಗಿ ಮೊದಲ ತಂಡದ ಪರೀಕ್ಷೆ ನಡೆಸಿ, ಹನ್ನೆರಡಕ್ಕೆ ಮನೆಗೆ ಬಂದು ಹೋಳಿಗೆಗೆ ಕೂರುವುದು ಎಂದು ತೀರ್ಮಾನವಾಯಿತು. ಮಧ್ಯಾಹ್ನದ ಎರಡನೇ ತಂಡ ಅವಳಿಲ್ಲದೆ ನಡೆಯಬೇಕು. ನಡೆಯಬಹುದು, ಎಲ್ಲ ಸರಿಯಾಗಿದ್ದರೆ.

ಎಂಟೂವರೆಗೆ ಹೋಗಿ, ಓದುವ ರಜೆಗೆಂದು ಶನಿವಾರ ಮುಚ್ಚಿದ್ದ ಪ್ರಯೋಗಾಲಯದ ಬೀಗ ತೆಗೆದಾಗ ಹತ್ತು ಕಂಪ್ಯೂಟರ್‌ಗಳು ಹೊದಿಕೆ ಹೊದ್ದು ಕೂತಿದ್ದವು. ಒಂದನೆಯದನ್ನು ಹಚ್ಚಿ, ಯಾವತ್ತಿನಂತೆ ಎರಡು ಸಾಲಿನ ಸಣ್ಣ ಪ್ರೋಗ್ರಾಂ ಬರೆದು ಓಡಿಸಿದಳು. ಓಡಲಿಲ್ಲ. ಪರದೆಯ ಕೆಳಗೆ ಕೆಂಪು ಪಟ್ಟಿ ಬಂತು. ಬೇಕಾದ ಫೈಲು ತೆರೆಯಲು ಆಗುತ್ತಿಲ್ಲ ಎಂದು. ಎರಡನೆಯದು, ಅದೇ. ಮೂರನೆಯದು, ಅದೇ. ಹತ್ತನೆಯದನ್ನು ಹಚ್ಚುವ ಹೊತ್ತಿಗೆ ಅವಳ ಕುತ್ತಿಗೆಯ ಬೆವರು ರವಿಕೆಗೆ ಇಳಿದಿತ್ತು.

ಹುಡುಗಿಯರಿಗೆ ಇದನ್ನು ಅವಳು ಹೇಳಿಕೊಡುತ್ತಿದ್ದ ರೀತಿಯೇ ಬೇರೆ. "ಇದು ಹೊಸದಾಗಿ ಗಂಡನ ಮನೆಗೆ ಬಂದ ಸೊಸೆ ಇದ್ದಂಗೆ ಕಣ್ರೇ. ಸಾರು ಮಾಡು ಅಂದ್ರೆ ಮಾಡ್ತಾಳೆ. ಆದ್ರೆ ಉಪ್ಪು ಮೇಲಿನ ಗೂಡಲ್ಲಿ, ಖಾರ ಕೆಳಗಿನ ಗೂಡಲ್ಲಿ ಅಂತ ಮೊದಲ ದಿನ ಏನು ಹೇಳಿರ್ತೀವೋ ಅಷ್ಟೇ ಅವಳಿಗೆ ಗೊತ್ತು. ಉಪ್ಪಿನ ಡಬ್ಬಿ ಪಕ್ಕದ ಗೂಡಿಗೆ ಸರಿಸಿ ಸುಮ್ಮನಾದ್ರೆ, ಅವಳು ಹಳೇ ಗೂಡಲ್ಲೇ ಕೈ ಆಡಿಸ್ತಾ ನಿಲ್ತಾಳೆ. ಉಪ್ಪು ಇಲ್ಲ ಅಂತಾಳೆ." ಪ್ರತಿ ಪ್ರೋಗ್ರಾಮಿಗೂ ಸಿದ್ಧಪಡಿಸಿಟ್ಟ ತುಣುಕುಗಳು ಬೇಕು, ಆ ತುಣುಕುಗಳ ಸಂಗ್ರಹಕ್ಕೆ ಲೈಬ್ರರಿ ಎನ್ನುತ್ತಾರೆ, ಅದು ಎಲ್ಲಿದೆ ಎನ್ನುವ ದಾರಿಯನ್ನು ಮೊದಲೇ ಬರೆದಿಟ್ಟಿರಬೇಕು. ಹುಡುಗಿಯರಿಗೆ ಅದು ಥಟ್ಟನೆ ತಿಳಿಯುತ್ತಿತ್ತು. ಹುಡುಗರು ಬರೆದುಕೊಳ್ಳುತ್ತಿದ್ದರು.

ಈಗ ಉಪ್ಪಿನ ಡಬ್ಬಿ ಯಾರೋ ಸರಿಸಿದ್ದರು. ಸಿ ಭಾಷೆಯ ಇಡೀ ತಂತ್ರಾಂಶ TC ಎಂಬ ಫೋಲ್ಡರಿನಲ್ಲಿ ಇರಬೇಕಿತ್ತು. ಹತ್ತರಲ್ಲೂ ಅದು ತನ್ನ ಜಾಗದಲ್ಲಿ ಇರಲಿಲ್ಲ. ಹುಡುಕಿದರೆ, ಹತ್ತರಲ್ಲೂ KACHERI ಎಂಬ ಹೊಸ ಫೋಲ್ಡರು, ಅದರೊಳಗೆ TC. ಪರದೆಯ ಮೇಲಿನ ಗುರುತು ಒತ್ತಿದರೆ ಕಂಪ್ಯೂಟರ್ ಅದನ್ನು ಹೇಗೋ ಹುಡುಕಿ ತೆರೆಯುತ್ತಿತ್ತು, ಒಳಗೆ ಬರೆದಿಟ್ಟ ದಾರಿಗಳು ಮಾತ್ರ ಹಳೆಯವೇ.

ಅಟೆಂಡರ್ ಮಾರಣ್ಣ ಹೂಜಿಗೆ ನೀರು ತುಂಬಲು ಬಂದ.

"ಮಾರಣ್ಣ, ಶನಿವಾರ ನಾನು ಬೀಗ ಹಾಕಿದ ಮೇಲೆ ಇಲ್ಲಿಗೆ ಯಾರು ಬಂದಿದ್ರು?"

"ಭಾನುವಾರ ವೀರಭದ್ರಯ್ಯ ಸಾಹೇಬ್ರು ಬಂದಿದ್ರಲ್ರೀ ಮೇಡಂ. ಇಡೀ ದಿನ ಕುಂತು ಹತ್ತಕ್ಕೂ ಏನೋ ಮಾಡಿ ಹೋದ್ರು. ಬಾಳ ಖುಷಿಯಾಗಿದ್ರು. ನನಗ ಚಾ ಸುದ್ದಾ ಕುಡಿಸಿದ್ರು."

ವೀರಭದ್ರಯ್ಯ ಕಾಲೇಜಿನ ಕಚೇರಿ ಅಧೀಕ್ಷಕರು, ನಿವೃತ್ತಿಗೆ ಎರಡು ವರ್ಷ ಇದ್ದವರು. ಕಂಪ್ಯೂಟರ್ ಕಲಿಯಲೇಬೇಕೆಂದು ಆ ವರ್ಷ ಪಣ ತೊಟ್ಟು, ಒಂದೊಂದೇ ಬೆರಳಲ್ಲಿ ಒತ್ತುತ್ತಾ ಕಲಿತಿದ್ದರು. ಅವಳು ಮಾರಣ್ಣನ ಜೊತೆ ಹೋದಾಗ ಕಚೇರಿಯಲ್ಲಿ ಊದಿನಕಡ್ಡಿ ಹಚ್ಚುತ್ತಿದ್ದರು.

"ಬಾರವಾ. ನಾನ ಕರಸಬೇಕಂತಿದ್ದೆ. ಏನ್ ಮೈಮರವು ನಿಂದು? ಹುಡುಗ್ರು ಆಡೋ ಕಂಪ್ಯೂಟರ್‌ನಾಗ ಕಾಲೇಜಿನ ಟಿ.ಸಿ. ಎಲ್ಲಾ ಹಂಗ ಬಿಟ್ಟೀಯಲ್ಲ? ಯಾರರ ಒಬ್ಬ ತನ್ನ ಟಿ.ಸಿ. ತಾನ ಬರಕೊಂಡು ಹೋದ್ರ ಯಾರ ತಲಿಗೆ ಬರತೈತಿ ಅದು?"

ವಾಣಿಶ್ರೀಗೆ ಒಂದು ಕ್ಷಣ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂವತ್ತೆರಡು ವರ್ಷ ವರ್ಗಾವಣೆ ಪತ್ರ ಬರೆದು ಬರೆದು ಕೈ ಸವೆಸಿಕೊಂಡ ಮನುಷ್ಯನಿಗೆ ಆ ಎರಡು ಅಕ್ಷರ ಬೇರೆ ಏನಾಗಿ ಕಾಣಬೇಕು?

"ಸರ್, ಅದು ಆ ಟಿ.ಸಿ. ಅಲ್ಲ. ಪ್ರೋಗ್ರಾಂ ಬರೆಯೋ ತಂತ್ರಾಂಶದ ಹೆಸರೇ ಅದು. ಅದನ್ನ ವಾಪಸ್ ಮೊದಲಿನ ಜಾಗಕ್ಕೆ ಹಾಕ್ಕೋತೀನಿ."

"ಟಿ.ಸಿ. ಅಂತ ಬರದೈತಿ, ಟಿ.ಸಿ. ಅಲ್ಲ ಅಂತೀಯಲ್ಲ!" ಅವರು ಮಾರಣ್ಣನ ಕಡೆ ನೋಡಿ ನಕ್ಕರು. "ಕಚೇರಿ ಫೋಲ್ಡರ್‌ನಿಂದ ಒಂದು ಹಾಳಿ ಹೊರಗ ಹೋಗಬೇಕಂದ್ರೂ ಪ್ರಿನ್ಸಿಪಾಲರ ಅನುಮತಿ ಬೇಕವಾ. ಅವರು ಹತ್ತಕ್ಕ ಬರ್ತಾರ. ಕೇಳು, ತಗೋ."

ಪರೀಕ್ಷೆ ಒಂಬತ್ತೂವರೆಗೆ. ಗೋಡೆಯ ಗಡಿಯಾರದಲ್ಲಿ ಒಂಬತ್ತಾಗಲು ಐದು ನಿಮಿಷ. ಅವರ ಜೊತೆ ವಾದಿಸುವ ಹೊತ್ತಿಗಿಂತ ಕಡಿಮೆ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡಬಹುದಿತ್ತು. ಡಬ್ಬಿ ಅಲ್ಲೇ ಇರಲಿ, ಸೊಸೆಗೆ ಹೊಸ ಗೂಡು ಹೇಳಿಬಿಡುವುದು. ಅವಳು ಓಡಿದಳು. ಒಂದನೇ ಕಂಪ್ಯೂಟರಿನಲ್ಲಿ ಆಪ್ಷನ್ಸ್, ಅದರೊಳಗೆ ಡೈರೆಕ್ಟರೀಸ್. ಮೊದಲ ಸಾಲಿನಲ್ಲಿ ದಾರಿ ತಿದ್ದಿದಳು. ಓಡಿಸಿದಳು. ಈ ಸಲ ಮೊದಲ ತಪ್ಪು ಹೋಗಿ ಇನ್ನೊಂದು ಬಂತು. ಬರೆದದ್ದನ್ನು ಓದಿತು, ಜೋಡಿಸಲು ಹೋಗಿ ಮುಗ್ಗರಿಸಿತು. ಎರಡನೇ ಸಾಲಿನ ಲೈಬ್ರರಿಯ ದಾರಿಯನ್ನೂ ತಿದ್ದಿದಳು. ಮತ್ತೆ ಓಡಿಸಿದಳು. ಕಪ್ಪು ಪರದೆಯ ಮೇಲೆ ಅವಳು ಬರೆದ ಒಂದೇ ಪದ ಬಂದು ನಿಂತಿತು. ಉಳಿಸು ಎಂದು ಒತ್ತಿ ಎರಡನೆಯದಕ್ಕೆ ಹಾರಿದಳು. ಹತ್ತನೆಯದು ಮುಗಿದಾಗ ಒಂಬತ್ತೂವರೆಗೆ ಎರಡು ನಿಮಿಷ, ಹೊರಗಿನ ಊರಿನಿಂದ ಬಂದ ಪರೀಕ್ಷಕರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

ಮೊದಲ ತಂಡದ ಹತ್ತೂ ಜನರ ಪ್ರೋಗ್ರಾಂಗಳು ಓಡಿದವು. ಅವಳು ಬೆಂಚಿಗೆ ಒರಗಿ ನಿಂತು, ಬೆಳಗಿನಿಂದ ಮೊದಲ ಸಲ ಉಸಿರಾಡಿದಳು. ಹನ್ನೊಂದರ ಸುಮಾರಿಗೆ ವೀರಭದ್ರಯ್ಯ ಬಂದು ಒಬ್ಬ ಹುಡುಗನ ಬೆನ್ನ ಹಿಂದೆ ನಿಂತು ಪರದೆಯನ್ನು ಬಹಳ ಹೊತ್ತು ನೋಡಿದರು. ಅವರ ಮುಖದ ನಗು ನಿಧಾನವಾಗಿ ಇಳಿಯಿತು. ಕಚೇರಿಗೆ ಹೊರಟುಹೋದರು.

ಹನ್ನೆರಡಕ್ಕೆ ಹೊರಡುವಾಗ ಕಾರಿಡಾರಿನಲ್ಲಿ ಎರಡನೇ ತಂಡದ ಹುಡುಗಿಯರು ಕೂತಿದ್ದರು. ಕೂಡ್ಲಿಗಿ ಕಡೆಯ ಹಳ್ಳಿಯ ಹುಲುಗಮ್ಮ ಎದ್ದು ಬಂದಳು. ಇವಳ ಅಪ್ಪ-ಅಮ್ಮ ಕೂಲಿಗೆ ಹೋಗುವವರು, ಇವಳು ಇನ್ನೂ ಐದು ಹುಡುಗಿಯರ ಜೊತೆ ಊರಿನಲ್ಲಿ ಒಂದು ಕೋಣೆ ಮಾಡಿಕೊಂಡು ಓದುತ್ತಿದ್ದಳು.

"ನೀವಿರಲ್ಲೇನ್ರಿ ಮೇಡಂ?"

"ಮನೇಲಿ ಕಾರ್ಯ ಐತೆ ಕಣಮ್ಮ. ಎಲ್ಲ ಸರಿ ಮಾಡಿದೀನಿ. ಹೆದರಬೇಡ."

"ಹೆದರಿಕಿ ಏನಿಲ್ರಿ. ಪ್ರೋಗ್ರಾಂ ಎಲ್ಲಾ ಬಾಯಿಪಾಠ ಅದಾವ. ಇದೊಂದು ಪಾಸಾದ್ರ ಮುಗೀತು. ಆಗಲಿಲ್ಲಂದ್ರ ನಮ್ಮಪ್ಪ ಇನ್ನೊಂದು ವರ್ಷ ಕಳಸಲ್ರಿ. ಹೋದ ತಿಂಗಳ ಗಂಡು ನೋಡಿ ಇಟ್ಟಾನ." ಹುಡುಗಿ ಅದನ್ನು ನಗುತ್ತಲೇ ಹೇಳಿದಳು.

ಮನೆಯಲ್ಲಿ ಪಕ್ಕದ ಕೊಟ್ರಮ್ಮ ಲಟ್ಟಿಸಲು ಬಂದು ಕೂತಿದ್ದರು. "ಬಂದ್ಲಪ್ಪ ನಿಮ್ಮ ಕಂಪ್ಯೂಟರ್. ಅದಕ್ಕ ಹೋಳಿಗಿ ಲಟ್ಟಿಸಾಕ ಬರತೈತೇನು ಕೇಳ್ರಿ" ಎಂದರು.

"ಬರಲ್ಲ ಬಿಡು. ಅದಕ್ಕ ನಮ್ಮ ಸೊಸೀನ ಇನ್ನೂ ಇಟ್ಕಂಡೀವಿ" ಎಂದು ದಾಕ್ಷಾಯಣಮ್ಮ ನಕ್ಕರು. ಹೆಂಗಸರೆಲ್ಲ ನಕ್ಕರು. ವಾಣಿಶ್ರೀಯೂ ನಕ್ಕಳು, ಸೆರಗು ಸಿಕ್ಕಿಸಿಕೊಂಡು ಹಂಚಿನ ಮುಂದೆ ಕೂತಳು. ಏಪ್ರಿಲ್‌ನ ಬಿಸಿಲಿಗೆ ತಗಡಿನ ಮಾಡು ಮೇಲಿಂದ ಕಾಯುತ್ತಿತ್ತು, ಹಂಚು ಕೆಳಗಿನಿಂದ. ನೂರಿಪ್ಪತ್ತು ಹೋಳಿಗೆ ಆಗಬೇಕಿತ್ತು. ಪಡಸಾಲೆಯಲ್ಲಿ ನಾದಿನಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸುತ್ತಿದ್ದರು.

ಎರಡು ಗಂಟೆಗೆ ಪಡಸಾಲೆಯ ಫೋನು ಬಡಿದುಕೊಂಡಿತು. ಬಸವೇಶ್ ಎತ್ತಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ, "ಕಾಲೇಜಿನ್ದು ಐತಿ. ಲಗೂನ ಮಾತಾಡಿ ಬಿಡು, ಉಡಿ ತುಂಬೋ ಹೊತ್ತಾತು."

ಮಾರಣ್ಣನ ಧ್ವನಿ. "ಮೇಡಂ, ಯಾವೂ ಓಡವಲ್ವಂತ್ರಿ. ಹತ್ತೂ ನಿಂತಾವ. ಕೆಂಪು ಪಟ್ಟಿ ಬರಾಕತ್ತಾವಂತ. ಪರೀಕ್ಷೆ ಸಾಹೇಬ್ರು ಸಿಟ್ಟಾಗ್ಯಾರ."

ಅವಳ ಕೈಯ ಎಣ್ಣೆಗೆ ರಿಸೀವರ್ ಜಾರಿತು. ಎರಡೂ ಕೈಯಲ್ಲಿ ಹಿಡಿದಳು. "ನಿಧಾನ ಕೇಳು ಮಾರಣ್ಣ. ಹುಲುಗಮ್ಮಗೆ ಹೇಳು. ಆಪ್ಷನ್ಸ್ ಒಳಗೆ ಡೈರೆಕ್ಟರೀಸ್ ಅಂತ ಐತೆ..."

"ಡೈರೆಕ್ಟರ್ ಯಾರ್ರಿ ಮೇಡಂ? ನಮ್ಮಲ್ಲಿ ಪ್ರಿನ್ಸಿಪಾಲ್ರು ಒಬ್ರ ಅದಾರ."

"ಡೈರೆಕ್ಟರ್ ಅಲ್ಲ, ಡೈರೆಕ್ಟರೀಸ್. ಅಲ್ಲಿ ಕಚೇರಿ, ಟಿ.ಸಿ. ಅಂತ ದಾರಿ ಬರೆದಿರಬೇಕು. ಇಲ್ಲಾಂದ್ರೆ ಹಂಗೆ ಬರಿ ಅಂತ ಹೇಳು. ಕೆ, ಎ, ಸಿ, ಎಚ್..."

ಕಚೇರಿಯ ಫೋನಿನಿಂದ ಪ್ರಯೋಗಾಲಯಕ್ಕೆ ಒಂದು ಮಾಳಿಗೆ ಮೆಟ್ಟಿಲು. ಮಾರಣ್ಣ ರಿಸೀವರ್ ಮೇಜಿನ ಮೇಲಿಟ್ಟು ಓಡಿದ. ಅವನ ಚಪ್ಪಲಿ ಸದ್ದು ದೂರವಾಗುವುದು ಅವಳಿಗೆ ಕೇಳಿಸಿತು. ಇತ್ತ ಹಂಚಿನ ಮೇಲಿನ ಹೋಳಿಗೆ ಸೀದ ವಾಸನೆ ಬಂತು. "ಏ ಇವಳ, ಹೋಳಿಗಿ!" ಎಂದು ಅತ್ತೆ ಕೂಗಿದರು. ಅವಳು ಹೋಗಲಿಲ್ಲ. ಚಪ್ಪಲಿ ಸದ್ದು ಮತ್ತೆ ಹತ್ತಿರ ಬಂತು.

"ಹಂಗ ಬರದೈತಂತ್ರಿ ಮೇಡಂ. ನೀವು ಹೇಳಿದ್ದ ಐತಂತ. ಆದ್ರೂ ಓಡವಲ್ದಂತ."

ಅವಳಿಗೆ ಏನೂ ಅರ್ಥವಾಗಲಿಲ್ಲ. ದಾರಿ ಸರಿಯಾಗಿದೆ. ಆದರೂ ಸಿಗುತ್ತಿಲ್ಲ. ಅಲ್ಲಿದ್ದಿದ್ದರೆ ಎರಡು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿಂದ ಅವಳಿಗೆ ಕಾಣುತ್ತಿದ್ದುದು ಪಡಸಾಲೆಯ ಗೋಡೆ, ಅದರ ಮೇಲಿನ ಕ್ಯಾಲೆಂಡರು.

"ಇನ್ನೊಂದ್ಸಲ ನೋಡೋಕೆ ಹೇಳು. ಒಂದು ಅಕ್ಷರ ಹೆಚ್ಚುಕಮ್ಮಿ..."

"ಸಾಹೇಬ್ರು ಹೇಳಾಕತ್ತಾರ, ಹೊರಗಿನಿಂದ ಯಾರೂ ಹೇಳಿಕೊಡಬಾರದಂತ. ಇಡ್ತೀನ್ರಿ ಮೇಡಂ."

ಅವಳು ಗಂಡನ ಮುಖ ನೋಡಿದಳು. "ಹತ್ತೇ ನಿಮಿಷ ರೀ. ಹೋಗಿ ಬಂದ್ಬಿಡ್ತೀನಿ. ನೀವು ಗಾಡೀಲಿ ಬಿಟ್ರೆ..."

ಬಸವೇಶ್ ತಾಯಿಯ ಮುಖ ನೋಡಿದ. ದಾಕ್ಷಾಯಣಮ್ಮ ಉಡಿ ಅಕ್ಕಿಯ ಮೊರ ಹಿಡಿದು ನಿಂತಿದ್ದರು. ದನಿ ಏರಿಸಲಿಲ್ಲ. "ಮನೀ ಹಿರೇಸೊಸಿ ಆರತಿ ಬಿಟ್ಟು ಬಾಗಿಲ ದಾಟಿದ್ರ ಬಂದ ಬೀಗ್ರು ಏನಂದ್ಕೋತಾರ? ನಾನೇನು ಬ್ಯಾಡ ಅನ್ನಲ್ಲವಾ. ನಿನಗ ಬಿಟ್ಟಿದ್ದು."

ನಿನಗೆ ಬಿಟ್ಟದ್ದು ಎಂದು ಆ ಮನೆಯಲ್ಲಿ ಯಾವಾಗ ಹೇಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಆರತಿ ತಟ್ಟೆ ಹಿಡಿದಳು. ಹೆಂಗಸರು ಹಾಡಿದರು. ನಾದಿನಿ ತಲೆ ಬಗ್ಗಿಸಿ ಕೂತಿದ್ದಳು. ಅವಳಿಗೂ ಬಹಳ ಹೊತ್ತಿನಿಂದ ಬೆನ್ನು ನೋಯುತ್ತಿತ್ತು. ವಾಣಿಶ್ರೀ ದೀಪ ತಿರುಗಿಸುತ್ತಾ ಮನಸ್ಸಿನಲ್ಲಿ ಒಂದೊಂದೇ ಅಕ್ಷರ ತಿರುವಿದಳು. ಎಲ್ಲ ಸರಿಯಿತ್ತು. ಎಲ್ಲ ಸರಿಯಿತ್ತಲ್ಲ.

ಊಟದ ಎಲೆ ತೆಗೆದು, ಗೋಮಯ ಹಚ್ಚಿ, ಪಾತ್ರೆ ಹಿತ್ತಲಿಗೆ ಹಾಕಿ ಕಾಲೇಜಿಗೆ ಹೋಗುವಾಗ ನಾಲ್ಕೂವರೆ ದಾಟಿತ್ತು. ಯಾರೂ ಇರಲಿಲ್ಲ. ಒಂದನೇ ಕಂಪ್ಯೂಟರ್ ಹಚ್ಚಿದಳು. KACHERI ಫೋಲ್ಡರು ಇರಲಿಲ್ಲ. TC ತನ್ನ ಹಳೆಯ ಜಾಗದಲ್ಲಿ, ಏನೂ ಆಗಿಲ್ಲವೆಂಬಂತೆ ಕೂತಿತ್ತು.

ವೀರಭದ್ರಯ್ಯ ಬಾಗಿಲಿಗೆ ಬಂದು ನಿಂತರು. "ಊಟಕ್ಕ ಬಿಟ್ಟಾಗ ನಾನ ಇಟ್ಟೆವಾ" ಎಂದರು. "ಬೆಳಿಗ್ಗೆ ನೀ ಹೇಳಿದಾಗ ತಿಳೀಲಿಲ್ಲ. ಆಮೇಲೆ ಹುಡುಗ್ರು ಬರಿಯೋದು ನೋಡಿದೆ. ತಪ್ಪು ನಂದ ಅಂತ, ಎಲ್ಲಾ ಮೊದಲಿದ್ದಂಗ ಇಟ್ಟುಬಿಟ್ಟೆ. ಊಟಾನೂ ಮಾಡಲಿಲ್ಲ."

ಅವಳು ಅವರನ್ನು ನೋಡುತ್ತಾ ನಿಂತಳು. ಅವರು ಡಬ್ಬಿ ಸರಿಸಿದ್ದರು, ಇವಳು ಸೊಸೆಗೆ ಹೊಸ ಗೂಡು ಹೇಳಿದ್ದಳು. ಅವರು ಡಬ್ಬಿ ವಾಪಸ್ ಇಟ್ಟರು. ಇಬ್ಬರೂ ಸರಿಮಾಡಿದ್ದರು. ಇಬ್ಬರೂ ಸರಿಮಾಡಿದ್ದರಿಂದಲೇ ಕೆಟ್ಟಿತು. ಫೋನಿನಲ್ಲಿ ಅವಳು ಅಕ್ಷರ ಅಕ್ಷರವಾಗಿ ಹೇಳಿಕೊಟ್ಟದ್ದು ತಪ್ಪು ದಾರಿ.

"ಒಂದು ಮಾತು ಹೇಳಬಾರದಿತ್ತಾ ಸರ್?"

"ನೀ ಮನಿಗೆ ಹೋಗಿದ್ದೆಲ್ಲವಾ."

ಅವಳು ಕಂಪ್ಯೂಟರ್ ಆರಿಸಿ ಹೊದಿಕೆ ಹೊದಿಸಿದಳು.

ಮರುದಿನ ಮಧ್ಯಾಹ್ನ ಪ್ರಿನ್ಸಿಪಾಲರು ಕರೆಸಿದರು. ಎರಡನೇ ತಂಡದ ಹತ್ತು ಜನರೂ ಪ್ರೋಗ್ರಾಂ ಕಾಗದದ ಮೇಲೆ ಬರೆದಿದ್ದರು, ಆದರೆ ಓಡಿಸಿ ತೋರಿಸಲಿಲ್ಲವೆಂದು ಪರೀಕ್ಷಕರು ಆ ಅಂಕ ಕೊಟ್ಟಿರಲಿಲ್ಲ. ಹತ್ತೂ ಜನ ಫೇಲು. ಮರುಪರೀಕ್ಷೆ ಮಾಡಿಸಬಹುದು, ಆದರೆ ವಿಶ್ವವಿದ್ಯಾಲಯಕ್ಕೆ ಕಾರಣ ಬರೆದು ಕಳಿಸಬೇಕು, ಯಾರ ತಪ್ಪೆಂದು ಸಹಿಯೊಂದಿಗೆ ಬರೆದಿರಬೇಕು. ನಾಲ್ಕು ಗಂಟೆಯ ಬಸ್ಸಿಗೆ ಲಕೋಟೆ ಹೋಗಬೇಕು.

ಕಾಗದ ಬೆರಳಚ್ಚಾಗಿ ಸಿದ್ಧವಿತ್ತು. ಪ್ರಿನ್ಸಿಪಾಲರು ಅದನ್ನು ಅವಳ ಕಡೆ ತಿರುಗಿಸಿ, ತಾವು ಕಿಟಕಿಯ ಕಡೆ ತಿರುಗಿದರು.

"ತಾತ್ಕಾಲಿಕ ಪ್ರಯೋಗಾಲಯ ಸಹಾಯಕಿಯಾದ ನಾನು, ಅನುಮತಿಯಿಲ್ಲದೆ ಗಣಕಯಂತ್ರಗಳ ವ್ಯವಸ್ಥೆಯನ್ನು ಬದಲಾಯಿಸಿ, ಪರೀಕ್ಷಾ ಸಮಯದಲ್ಲಿ ಗೈರುಹಾಜರಾಗಿದ್ದರಿಂದ..."

"ಸರ್, ವೀರಭದ್ರಯ್ಯ ಸರ್ ಫೋಲ್ಡರ್ ಸರಿಸಿದ್ದು ಇದರಲ್ಲಿ ಇಲ್ಲ."

"ಅವರದು ಪಿಂಚಣಿ ಪ್ರಶ್ನೆ ಅದವಾ. ಖಾಯಂ ನೌಕರರ ಮ್ಯಾಲ ಬರದ್ರ ಮ್ಯಾನೇಜ್‌ಮೆಂಟು, ವಿಚಾರಣೆ... ಮೂರು ತಿಂಗಳು ಎಳೀತಾರ. ಅಷ್ಟರಾಗ ಆ ಹುಡುಗಿಯರ ವರ್ಷ ಹೋತು. ನಿನಗೇನು, ಗಂಡ ಅದಾನ, ಅಂಗಡಿ ಐತಿ." ಸ್ವಲ್ಪ ತಡೆದು ಹೇಳಿದರು, "ಇದಕ್ಕ ಸಹಿ ಹಾಕಿದ ಮ್ಯಾಲ ಜೂನ್‌ನಾಗ ನಿನ್ನ ತಗೊಳ್ಳಾಕ ಬರಲ್ಲ. ಕೀಲಿಕೈನೂ ಇವತ್ತ ಒಪ್ಪಿಸಬೇಕಾಗತೈತಿ. ಅದನ್ನ ಮುಚ್ಚಿಡಲ್ಲ ನಾನು. ಯೋಚನೆ ಮಾಡು."

ಹೊರಗೆ ಬಂದಾಗ ಮಾರಣ್ಣ ಮೆಟ್ಟಿಲ ಮೇಲೆ ಕೂತಿದ್ದ. "ಒಟ್ಟ ಏನಾತ್ರಿ ಮೇಡಂ, ಟಿ.ಸಿ. ಟಿ.ಸಿ. ಅಂತ ಬಡಿದಾಡಿ ಕಡೀಗೆ ನಿಮಗ ಟಿ.ಸಿ. ಕೊಟ್ರು" ಎಂದ. ನಗಿಸಲೆಂದೇ ಹೇಳಿದ್ದ. ಹೇಳಿದ ಮೇಲೆ ಅವನಿಗೇ ಹೇಗೋ ಆಗಿ, ಎದ್ದು ಹೋಗಿ ಹೂಜಿಯಿಂದ ನೀರು ತಂದುಕೊಟ್ಟ.

ಅವಳು ಕಾಗದ ಹಿಡಿದು ಪ್ರಯೋಗಾಲಯದಲ್ಲಿ ಕೂತಳು. ಓದಿದಳು. ಕಾಗದದಲ್ಲಿ ಪೂರ್ತಿ ಸುಳ್ಳು ಎನ್ನುವಂಥ ಪದ ಒಂದೂ ಇರಲಿಲ್ಲ, ಅದೇ ಅದರ ಜಾಣತನ. ಬದಲಾಯಿಸಿದ್ದು ನಿಜ. ಅನುಮತಿ ಕೇಳಲಿಲ್ಲ, ನಿಜ. ಗೈರುಹಾಜರು, ನಿಜ. ಬಿಟ್ಟುಹೋದವುಗಳೆಲ್ಲ ಕಾಗದದ ಹೊರಗಿದ್ದವು: ಬೆಳಗಿನ ಆ ಅರ್ಧ ಗಂಟೆ, ನೂರಿಪ್ಪತ್ತು ಹೋಳಿಗೆ, ಆರತಿ ತಟ್ಟೆ. ಸಹಿ ಹಾಕದಿದ್ದರೆ ಜೂನ್‌ನಲ್ಲಿ ತಗಾದೆ ಮಾಡಬಹುದು, ಜಗಳ ಆಡಬಹುದು. ಹಾಕಿದರೆ ಏಳು ಗಂಟೆಗಳು ಹೋದವು. ಕಿಟಕಿಯಾಚೆ ಬೇವಿನ ಮರದ ಕೆಳಗೆ ಹುಲುಗಮ್ಮ ಒಬ್ಬಳೇ ನಿಂತಿದ್ದಳು. ಅಳುತ್ತಿರಲಿಲ್ಲ. ಪುಸ್ತಕ ಎದೆಗವಚಿಕೊಂಡು ಕಚೇರಿಯ ಬಾಗಿಲನ್ನೇ ನೋಡುತ್ತಿದ್ದಳು. ಒಳಗೆ ಏನು ನಡೆಯುತ್ತಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೂರೂಮುಕ್ಕಾಲಿಗೆ ವಾಣಿಶ್ರೀ ಸಹಿ ಹಾಕಿದಳು. ಮಾರಣ್ಣ ಲಕೋಟೆ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ.

ಕೀಲಿಕೈ ಒಪ್ಪಿಸುವುದಕ್ಕೆ ಮುಂಚೆ ಅವಳು ಹತ್ತೂ ಕಂಪ್ಯೂಟರ್‌ಗಳ ಮುಂದೆ ಕೂತು ದಾರಿಗಳನ್ನು ಹಳೆಯ ಜಾಗಕ್ಕೇ ತಿದ್ದಿದಳು. ಪ್ರತಿಯೊಂದರಲ್ಲೂ ಎರಡು ಸಾಲಿನ ಪ್ರೋಗ್ರಾಂ ಓಡಿಸಿ ನೋಡಿದಳು. ಯಾರೂ ಹೇಳಿರಲಿಲ್ಲ. ಮುಸುರೆ ಪಾತ್ರೆ ಬಿಟ್ಟು ಮಲಗಿ ಅವಳಿಗೆ ಅಭ್ಯಾಸವಿರಲಿಲ್ಲ, ಅಷ್ಟೇ.

ಮನೆ ಬಾಗಿಲಲ್ಲಿ ದಾಕ್ಷಾಯಣಮ್ಮ ನಿನ್ನೆ ತಂದ ಎರವಲು ಪಾತ್ರೆಗಳನ್ನು ಎಣಿಸುತ್ತಿದ್ದರು. "ತಡಾತು?"

ಹೇಳಿಬಿಡಬಹುದಿತ್ತು. ಹೇಳಿದರೆ ಅತ್ತೆ ಒಂದು ನಿಟ್ಟುಸಿರು ಬಿಟ್ಟು, "ಹೋಗಲಿ ಬಿಡವಾ, ಮನ್ಯಾಗ ಏನ್ ಕಡಿಮಿ ಐತಿ" ಎನ್ನುತ್ತಿದ್ದರು, ನಾಳೆಯಿಂದ ಆ ಏಳು ಗಂಟೆಗಳಿಗೆ ಶಾವಿಗೆ, ಹಪ್ಪಳ, ಸಂಡಿಗೆ ತುಂಬುತ್ತಿದ್ದರು. ಬಸವೇಶ್ ಸಮಾಧಾನ ಮಾಡುತ್ತಿದ್ದ, ನಿಜವಾಗಿಯೇ. ಆಮೇಲೆ ಊಟಕ್ಕೆ ಕೂರುತ್ತಿದ್ದ.

"ಪರೀಕ್ಷೆ ಕೆಲಸ ಇತ್ತು ಅತ್ತೆ. ಇನ್ನೂ ಹತ್ತು ಹನ್ನೆರಡು ದಿನ ಇರತ್ತೆ."

"ಇರತ್ತೆ ಅಂತಾಳ ನೋಡು, ದಾವಣಗೇರಿ ದೊರೆಸಾನಿ" ಎಂದು ಅತ್ತೆ ಮತ್ತೆ ಪಾತ್ರೆ ಎಣಿಸತೊಡಗಿದರು.

ಶನಿವಾರ ನಾಲ್ಕೂಕಾಲಿಗೆ ನಲ್ಲಿ ಬಂತು. ಹನ್ನೆರಡು ಕೊಡ, ತೊಟ್ಟಿ, ರಂಗೋಲಿ, ಉರಿ, ತಂಬಿಗೆ, ಹಾಲು, ಹದಿನಾಲ್ಕು ರೊಟ್ಟಿ, ಅಂಗಿ. ಒಂಬತ್ತೂವರೆಗೆ ಅವಳು ಎಂದಿನ ಚೀಲ ಹೆಗಲಿಗೇರಿಸಿ, ಬುತ್ತಿ ಹಿಡಿದು ಹೊರಬಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರ ಕಾಲೇಜಿಗೆ ಎಡಕ್ಕೆ ತಿರುಗಬೇಕು. ಹುಲುಗಮ್ಮ ಮತ್ತು ಇನ್ನೈದು ಹುಡುಗಿಯರ ಕೋಣೆ ಬಲಕ್ಕೆ, ಹಿಟ್ಟಿನ ಗಿರಣಿಯ ಹಿಂದೆ. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಕಾಗದ ಇತ್ತು. ಮರುಪರೀಕ್ಷೆ ಬರುವವರೆಗೆ, ಬರುವುದಾದರೆ, ಕಾಗದದ ಮೇಲೆ ಹೇಳಿಕೊಡಬಹುದು. ಕೆಂಪು ಪಟ್ಟಿ ಬಂದರೆ ಎಲ್ಲಿ ನೋಡಬೇಕು, ಡಬ್ಬಿ ಎಲ್ಲಿದೆ ಎಂದು ಮೊದಲು ಕಣ್ಣಾರೆ ನೋಡಿ ಆಮೇಲೆ ದಾರಿ ಹೇಗೆ ತಿದ್ದಬೇಕು, ಯಾರೂ ಫೋನಿನಲ್ಲಿ ಹೇಳದಿದ್ದರೂ. ಅದು ಮುಗಿದ ಮೇಲೆ ಒಂಬತ್ತೂವರೆಗೆ ಎಲ್ಲಿಗೆ ಹೋಗುವುದೆಂದು ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಗೊತ್ತಾಗುವ ದಿನ ಬಂದೇ ಬರುತ್ತದೆ, ಊರು ಅಷ್ಟು ದೊಡ್ಡದಲ್ಲ.

ಗಂಡನನ್ನು ಕೇಳಿರಲಿಲ್ಲ. ಅತ್ತೆಯನ್ನು ಕೇಳಿರಲಿಲ್ಲ. ಪ್ರಿನ್ಸಿಪಾಲರನ್ನಂತೂ ಕೇಳುವ ಹಾಗಿರಲಿಲ್ಲ. ಅನುಮತಿಯಿಲ್ಲದೆ ಎಂದು ಕಾಗದದಲ್ಲಿ ಬರೆದದ್ದು ಅವಳಿಗೆ ನೆನಪಾಯಿತು.

ಅವಳು ಬಲಕ್ಕೆ ತಿರುಗಿದಳು.